ಹಂಪಿ ತೇರಿನ ಗೋಪುರ ಎಲ್ಲಿ ಹೋಯಿತು?

ಮಕ್ಕಳೇ, ಮನೆಯಲ್ಲಿ ಐವತ್ತು ರೂಪಾಯಿಯ ಹೊಸ ನೋಟಿದ್ದರೆ ಹಿಂಬದಿ ತಿರುಗಿಸಿ ನೋಡಿ. ಅಲ್ಲಿರುವುದು ಹಂಪಿಯ ವಿಜಯ ವಿಠ್ಠಲ ದೇವಸ್ಥಾನದ ಕಲ್ಲಿನ ರಥ.

ನಮ್ಮ ನಾಯಕನಹಟ್ಟಿಯಿಂದ ಚಳ್ಳಕೆರೆಗೆ ಬಂದು, ಮೊಳಕಾಲ್ಮುರು ತಾಲ್ಲೂಕಿನ ರಾಂಪುರ ದಾಟಿ, ಬಳ್ಳಾರಿ, ಹೊಸಪೇಟೆ ಹಾದರೆ ಹಂಪಿ. ಬೆಳಗ್ಗೆ ಬುತ್ತಿ ಕಟ್ಟಿಕೊಂಡು ಹೊರಟರೆ ಮಧ್ಯಾಹ್ನಕ್ಕೆ ತೇರಿನ ಮುಂದೆ ನಿಲ್ಲಬಹುದು. ಫಾಲ್ಗುಣದಲ್ಲಿ ಸಾವಿರಾರು ಕೈಗಳು ಎಳೆಯುವ ತಿಪ್ಪೇಸ್ವಾಮಿಯ ತೇರನ್ನು ಕಂಡವರಿಗೆ ಇದು ಮೊಂಡಾಗಿ ಕಾಣುತ್ತದೆ. ಮೇಲಿನ ಗೋಪುರವೇ ಇಲ್ಲ!

ಗೋಪುರ ಇತ್ತು. ಇಟ್ಟಿಗೆ ಗಾರೆಯದು. ಅದಕ್ಕೆ ಸಾಕ್ಷಿ 1856ರ ಒಂದು ಫೋಟೋ. ತೆಗೆದವರು ಅಲೆಕ್ಸಾಂಡರ್ ಗ್ರೀನ್‌ಲಾ, ಮದರಾಸು ಸೈನ್ಯದ ಅಧಿಕಾರಿ. ಆಗ ಫಿಲ್ಮ್ ಇರಲಿಲ್ಲ. ಕಾಗದಕ್ಕೆ ಮೇಣ ಹೀರಿಸಿ, ಬೆಳ್ಳಿಯ ಲವಣ ಸವರಿ, ದೊಡ್ಡ ಪೆಟ್ಟಿಗೆಯಂಥ ಕ್ಯಾಮರಾದೊಳಗೆ ಇಡಬೇಕಿತ್ತು. ಆ ಕಾಗದದ ನೆಗೆಟಿವ್ ಒಂದೂವರೆ ಅಡಿಯಷ್ಟು ಅಗಲ. ಅದನ್ನು ಇನ್ನೊಂದು ಕಾಗದದ ಮೇಲಿಟ್ಟು ಬಿಸಿಲಿಗೆ ಹಿಡಿದರೆ ಚಿತ್ರ ಮೂಡುತ್ತಿತ್ತು.

ಒಂದು ಫೋಟೋಗೆ ಹಲವು ನಿಮಿಷ ಬೇಕು. ಅಷ್ಟು ಹೊತ್ತು ಅಲುಗಾಡದವರು ಮಾತ್ರ ಅದರಲ್ಲಿ ಉಳಿಯುತ್ತಿದ್ದರು. ನಮ್ಮ ಜಾತ್ರೆಗೆ ಅವರು ಬಂದಿದ್ದರೆ ಅಷ್ಟು ಜನವೂ ಹೊಗೆಯಂತೆ ಕರಗಿಹೋಗುತ್ತಿತ್ತು! ಕಲ್ಲು ಅಲುಗಾಡುವುದಿಲ್ಲ, ಹಾಗಾಗಿ ಹಂಪಿ ಚೆನ್ನಾಗಿ ಸಿಕ್ಕಿತು. ತೇರಿನ ಗೋಪುರವನ್ನು ಆಮೇಲೆ ತೆಗೆದುಹಾಕಿದರು. ಫೋಟೋದಲ್ಲಿ ಅದು ಇನ್ನೂ ನಿಂತಿದೆ.

ಗ್ರೀನ್‌ಲಾ ಅವರ ನೆಗೆಟಿವ್‌ಗಳು ಇಂಗ್ಲೆಂಡಿನಲ್ಲಿ ನೂರಕ್ಕೂ ಹೆಚ್ಚು ವರ್ಷ ಯಾರ ಗಮನಕ್ಕೂ ಬಾರದೆ ಇದ್ದು, 1980ರ ಹೊತ್ತಿಗೆ ಬೆಳಕಿಗೆ ಬಂದವು. 1983ರಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದರು. ಎರಡನ್ನೂ ಅಕ್ಕಪಕ್ಕ ಇಟ್ಟರೆ ಏನು ಉಳಿಯಿತು, ಏನು ಹೋಯಿತು ಎಂಬ ಲೆಕ್ಕ ಸಿಗುತ್ತದೆ.

ಅಂಥ ಲೆಕ್ಕವನ್ನು ನೀವೂ ಇಡಬಹುದು. ಮನೆಯ ಫೋನಿನಲ್ಲಿ ಊರಿನ ಕೆರೆ ಏರಿ, ಹಳೆಯ ಮನೆಯ ಬಾಗಿಲು, ತೇರಿನ ಬೀದಿಯ ಫೋಟೋ ತೆಗೆಯಿರಿ. ಮುಂದಿನ ವರ್ಷ ಅಲ್ಲೇ ನಿಂತು ಮತ್ತೆ ತೆಗೆಯಿರಿ.

ಅಜ್ಜ ಅಜ್ಜಿಯರಿಗೊಂದು ಮಾತು. ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನು ತೆಗೆದು, ಹಿಂದೆ ಪೆನ್ಸಿಲಿನಿಂದ ಹೆಸರು, ಊರು, ಇಸವಿ ಬರೆದಿಡಿ. ಅದರಲ್ಲಿರುವವರು ಯಾರೆಂದು ಹೇಳಬಲ್ಲವರು ಮನೆಯಲ್ಲಿ ಈಗ ನೀವೊಬ್ಬರೇ ಇರಬಹುದು.