ಸದ್ದಿಲ್ಲದ ಡಿಸ್ಕಿನ ಆರೈಕೆ

ಮಿಕ್ಸಿಯ ಸದ್ದು ಕೇಳಿಯೇ ಅದರ ಆರೋಗ್ಯ ಹೇಳುವ ತಲೆಮಾರು ನಮ್ಮದು. ಹಳೆಯ ಹಾರ್ಡ್‌ಡಿಸ್ಕ್ ಕೂಡ ಕೆಡುವ ಮುನ್ನ ಎಷ್ಟೋ ಸಲ ಕಟಕಟ ಎಂದು ಎಚ್ಚರಿಸುತ್ತಿತ್ತು. ಈಗ ಮಕ್ಕಳ ಲ್ಯಾಪ್‌ಟಾಪಿನಲ್ಲಿರುವ ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ. ಕೆಟ್ಟರೂ ಸದ್ದಿಲ್ಲ!

ಎಂಜಿನಿಯರಿಂಗ್ ಓದುವ ಮಗಳ ಹಳೆಯ ಲ್ಯಾಪ್‌ಟಾಪಿಗೆ ಇಂಥದೊಂದು ಎಸ್‌ಎಸ್‌ಡಿ ಹಾಕಿಸಿ, ಮುಕ್ತ ತಂತ್ರಾಂಶವಾದ ಉಬುಂಟು ಲಿನಕ್ಸ್ ಅಳವಡಿಸಿಕೊಂಡೆವು. ಯಂತ್ರ ಚುರುಕಾಯಿತು. “ಅಪ್ಪಾ, ಇದಕ್ಕೂ ಆಗಾಗ ಡಿಫ್ರಾಗ್ ಮಾಡಬೇಕಾ?” ಎಂದಳು. ಬೇಡ. ಅದು ತಿರುಗುವ ತಟ್ಟೆಗೆ ಹೇಳಿದ ಮದ್ದು; ಎಸ್‌ಎಸ್‌ಡಿಗೆ ಅದರಿಂದ ಬರೀ ಸವೆತ.

ಎಸ್‌ಎಸ್‌ಡಿಯ ಸ್ವಭಾವ ಸ್ಲೇಟಿನದು. ಬರೆದುದರ ಮೇಲೆಯೇ ಮತ್ತೆ ಬರೆಯಲಾಗದು, ಮೊದಲು ಒರೆಸಬೇಕು. ಅದೂ ಒಂದು ಸಾಲನ್ನಲ್ಲ, ಇಡೀ ಬ್ಲಾಕನ್ನು. ನಾವು ಕಡತ ಅಳಿಸಿದ ಸುದ್ದಿ ಡಿಸ್ಕಿಗೆ ತಾನಾಗಿ ತಿಳಿಯುವುದಿಲ್ಲ. ‘ಈ ಜಾಗ ಇನ್ನು ಬೇಕಿಲ್ಲ’ ಎಂದು ಅದಕ್ಕೆ ತಿಳಿಸುವ ಆಜ್ಞೆಯೇ ಟ್ರಿಮ್. ಲಿನಕ್ಸಿಗೆ ಈ ಸೌಲಭ್ಯ ಬಂದದ್ದು 2010ರ ಹೊತ್ತಿಗೆ. ಇಂದಿನ ಉಬುಂಟು ವಾರಕ್ಕೊಮ್ಮೆ ತಾನೇ ಟ್ರಿಮ್ ಮಾಡುತ್ತದೆ. ‘ಎಫ್‌ಎಸ್‌ಟ್ರಿಮ್ ಟೈಮರ್’ ಚಾಲನೆಯಲ್ಲಿದೆಯೇ ಎಂದು ಒಮ್ಮೆ ನೋಡಿಕೊಂಡರೆ ಸಾಕು. ಡಿಸ್ಕನ್ನು ಕಂಠಮಟ್ಟ ತುಂಬಿಸದೆ ಒಂದಿಷ್ಟು ಜಾಗ ಖಾಲಿ ಬಿಡಿ.

ಬರೆದು ಬರೆದು ಸವೆದುಹೋಗುತ್ತದೆ ಎಂಬ ಭಯ ಹಲವರಿಗಿದೆ. 250 ಜಿಬಿಯ ಸ್ಯಾಮ್‌ಸಂಗ್ 870 ಇವೋ ಮಾದರಿಗೆ ಇರುವ ಖಾತರಿ 5 ವರ್ಷ ಅಥವಾ 150 ಟಿಬಿ ಬರಹ, ಯಾವುದು ಮೊದಲೋ ಅದು. ದಿನಕ್ಕೆ 20 ಜಿಬಿ ಬರೆದರೂ ಆ 150 ಟಿಬಿ ಮುಟ್ಟಲು 20 ವರ್ಷ ಬೇಕು. ಸವೆತದ ಲೆಕ್ಕ ನೋಡಲು ‘ಸ್ಮಾರ್ಟ್‌ಮಾನ್‌ಟೂಲ್ಸ್’ ಎಂಬ ಉಚಿತ ತಂತ್ರಾಂಶವಿದೆ.

ಭಯಪಡಬೇಕಾದದ್ದು ಬೇರೆ. ಮಗಳ ಸಹಪಾಠಿಯೊಬ್ಬನ ಎಸ್‌ಎಸ್‌ಡಿ ಪ್ರಾಜೆಕ್ಟ್ ಒಪ್ಪಿಸುವ ವಾರದಲ್ಲಿ ಒಂದು ಬೆಳಿಗ್ಗೆ ತೆರೆಯಲೇ ಇಲ್ಲ. ಸವೆತವಲ್ಲ, ಒಳಗಿನ ನಿಯಂತ್ರಕ ಚಿಪ್ ಕೈಕೊಟ್ಟಿತ್ತು. ನಾಲ್ಕು ತಿಂಗಳ ದುಡಿಮೆ ಅದರೊಳಗೇ ಉಳಿಯಿತು. ಇನ್ನು ಕೈತಪ್ಪಿ ಅಳಿಸಿದ ಕಡತವೂ ಟ್ರಿಮ್ ಆದ ಮೇಲೆ ಸಾಮಾನ್ಯವಾಗಿ ಮರಳಿ ಸಿಗದು.

ಆದ್ದರಿಂದ ನಿಜವಾದ ಆರೈಕೆ ಎಂದರೆ ಇನ್ನೊಂದು ಪ್ರತಿ. ಉಬುಂಟುವಿನಲ್ಲಿ ಸಿಗುವ ‘ಬ್ಯಾಕಪ್ಸ್’ ಸೌಲಭ್ಯದಿಂದ ವಾರಕ್ಕೊಮ್ಮೆ ಹೊರಗಿನ ಡಿಸ್ಕಿಗೆ ನಕಲು ತೆಗೆಯಿರಿ. ಕೆಲಸ ಮುಗಿದೊಡನೆ ಅದನ್ನು ಕಳಚಿ ಬೇರೆಡೆ ಇಡಿ. ತಂದೆತಾಯಂದಿರೇ, ಲ್ಯಾಪ್‌ಟಾಪ್ ಕೊಡಿಸುವಾಗಲೇ ಆ ಎರಡನೆಯ ಡಿಸ್ಕಿಗೂ ಸ್ವಲ್ಪ ದುಡ್ಡು ತೆಗೆದಿಡಿ. ಅಂಕ ಎಷ್ಟು ಬಂತೆಂದು ಕೇಳುವಾಗ, ನಕಲು ತೆಗೆದೆಯಾ ಎಂದೂ ಒಂದು ಮಾತು ಕೇಳಿ.