ಮಿಷನ್ ಬಡಾವಣೆಯಲ್ಲಿ ಒಂದು ಕೋರಿಕೆಯ ರಾತ್ರಿ

ಸ್ಯಾನ್ ಫ್ರಾನ್ಸಿಸ್ಕೋ ನೋಡಲು ನೆಂಟರು ಬಂದಾಗ ನಾವೆಲ್ಲ ಕರೆದುಕೊಂಡು ಹೋಗುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಗೋಲ್ಡನ್ ಗೇಟ್ ಸೇತುವೆ, ಲೊಂಬಾರ್ಡ್ ರಸ್ತೆಯ ತಿರುವುಗಳು, ಪಿಯರ್ 39ರಲ್ಲಿ ಬಿಸಿಲು ಕಾಯಿಸುವ ಸೀ ಲಯನ್‌ಗಳು, ಡಿಸೆಂಬರ್ ಆದರೆ ಯೂನಿಯನ್ ಸ್ಕ್ವೇರಿನ ದೊಡ್ಡ ಕ್ರಿಸ್ಮಸ್ ಮರ. ಸಂಜೆಯ ಚಳಿಗಾಳಿ ಬೀಸಿದ ಕೂಡಲೇ ಕಾರು ಫ್ರೀಮಾಂಟಿನ ಕಡೆ ತಿರುಗುತ್ತದೆ. ಮನೆಗೆ ಬಂದು ಬಿಸಿಬಿಸಿ ಅನ್ನ-ಸಾರು ಉಂಡರೆ ಪ್ರವಾಸ ಮುಗಿಯಿತು. ಆ ಊರಿಗೆ ರಾತ್ರಿ ಒಂಬತ್ತರ ಮೇಲೂ ಒಂದು ಬದುಕಿದೆ ಎಂಬುದು ಇಪ್ಪತ್ತು ವರ್ಷ ಇಲ್ಲಿದ್ದರೂ ನನಗೆ ಕೇಳಿ ಗೊತ್ತಿತ್ತೇ ಹೊರತು ಕಂಡು ಗೊತ್ತಿರಲಿಲ್ಲ.

ತೋರಿಸಿದವನು ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ಮೈಕು, ಸ್ಪೀಕರು ನೋಡಿಕೊಳ್ಳುವ ಹುಡುಗ. ಇಲ್ಲೇ ಹುಟ್ಟಿ ಬೆಳೆದವನು. ವಾರಾಂತ್ಯದ ರಾತ್ರಿಗಳಲ್ಲಿ ಮಿಷನ್ ಬಡಾವಣೆಯ ಒಂದು ಪುಟ್ಟ ಬಾರಿನಲ್ಲಿ ಡಿಜೆ. "ಅಂಕಲ್, ಹಾಲಿಡೇ ನೈಟ್ ಇದೆ. ಬರೀ ರಿಕ್ವೆಸ್ಟ್ ಹಾಡುಗಳು. ನೀವೂ ಆಂಟಿನೂ ಬನ್ನಿ" ಎಂದ. ಬಾರ್ ಎಂದೊಡನೆ ನಮ್ಮಾಕೆಯ ಹುಬ್ಬು ಮೇಲೇರಿತು. ಮರುಕ್ಷಣ "ಹಾಡು ಕೇಳೋಕೆ ತಾನೇ, ನಡೀರಿ" ಎಂದವಳೂ ಅವಳೇ! 2023ರ ಡಿಸೆಂಬರ್ 23, ಶನಿವಾರ. ಬಾರ್ಟ್ ರೈಲು ಮಧ್ಯರಾತ್ರಿಯ ಹೊತ್ತಿಗೆ ಮಲಗಿಬಿಡುತ್ತದೆಂದು ಕಾರಿನಲ್ಲೇ ಹೊರಟೆವು. ಪಾರ್ಕಿಂಗ್ ಹುಡುಕಲು ಮುಕ್ಕಾಲು ಗಂಟೆ ಹಿಡಿಯಿತೆಂಬುದನ್ನು ಬೇ ಏರಿಯಾದವರಿಗೆ ಹೇಳಬೇಕಾಗಿಲ್ಲ.

ಈ ಬಡಾವಣೆಗೆ ಹೆಸರು ಬಂದದ್ದು 1776ರಲ್ಲಿ ಸ್ಪೇನಿನ ಪಾದ್ರಿಗಳು ಸ್ಥಾಪಿಸಿದ ಮಿಷನ್ ಡೊಲೊರೆಸ್‌ನಿಂದ. ಒಂದು ಕಾಲಕ್ಕೆ ಇದು ಐರಿಷ್ ಕಾರ್ಮಿಕರ ಕೇರಿ. ಕಳೆದ ಶತಮಾನದ ನಡುವಿನಿಂದ ಮೆಕ್ಸಿಕೋ, ಎಲ್ ಸಾಲ್ವಡಾರ್, ನಿಕರಾಗುವಾದವರು ಬಂದು ನೆಲೆಸಿದರು. ಆಮೇಲೆ ಬಂದವರು ಸಾಫ್ಟ್‌ವೇರಿನ ಹುಡುಗರು. ಅವರ ಜೊತೆಗೇ ಬಂತು ಗಗನಕ್ಕೇರಿದ ಬಾಡಿಗೆ. ಒಂದೇ ಬೀದಿಯಲ್ಲಿ ಹಳೆಯ ಐರಿಷ್ ಪಬ್ಬು, ಟಾಕೋ ಅಂಗಡಿ, ಗೋಡೆ ತುಂಬ ಬಣ್ಣದ ಚಿತ್ರಗಳು. ಬೇರೆ ಬೇರೆ ಕಾಲದಲ್ಲಿ ಊರು ಬಿಟ್ಟು ಬಂದವರ ಬೀದಿ ಅದು.

ಹಾಡಿನ ಮಟ್ಟಿಗೂ ಈ ನಗರಕ್ಕೆ ಒಂದು ಹಿರಿತನವಿದೆ. 1889ರ ನವೆಂಬರ್ 23ರಂದು ಲೂಯಿಸ್ ಗ್ಲಾಸ್ ಎಂಬಾತ ಸಟ್ಟರ್ ರಸ್ತೆಯ ಪ್ಯಾಲೇಸ್ ರಾಯಲ್ ಎಂಬ ಸಲೂನಿನಲ್ಲಿ ಎಡಿಸನ್ ಫೋನೋಗ್ರಾಫಿಗೆ ಕಾಸು ಹಾಕುವ ಪೆಟ್ಟಿಗೆ ಜೋಡಿಸಿ ಇಟ್ಟ. ಮುಂದೆ ಬಂದ ಜೂಕ್‌ಬಾಕ್ಸಿಗೆ ಅದೇ ಮೂಲಪುರುಷ. ಐದು ಸೆಂಟಿನ ನಾಣ್ಯ ಹಾಕಿ, ರಬ್ಬರ್ ಕೊಳವೆ ಕಿವಿಗಿಟ್ಟುಕೊಂಡು ಕೇಳಬೇಕು. ಅಂಥ ಕೊಳವೆ ನಾಲ್ಕಿದ್ದವು, ಒಂದೊಂದಕ್ಕೂ ಬೇರೆ ಕಾಸು! ಆದರೆ ಯಂತ್ರದಲ್ಲಿದ್ದದ್ದು ಒಂದೇ ಸಿಲಿಂಡರ್. ಇದ್ದದ್ದನ್ನು ಕೇಳಬೇಕು, ಬೇಕಾದದ್ದನ್ನು ಕೇಳುವ ಹಾಗಿಲ್ಲ. ಪಕ್ಕದವನಿಗೂ ಕೇಳಿಸುವ ಹಾಗಿಲ್ಲ.

ನಮ್ಮ ಹುಡುಗನ ಬಾರಿನಲ್ಲಿ ಎಲ್ಲ ತದ್ವಿರುದ್ಧ. ಮೂಲೆಯ ಮೇಜಿನ ಮೇಲೆ ಎರಡು ಟರ್ನ್‌ಟೇಬಲ್, ಒಂದು ಲ್ಯಾಪ್‌ಟಾಪ್, ಮುಂದೆ ಚೀಟಿ ಹಾಕಲು ಬಿಸ್ಕತ್ತಿನ ಡಬ್ಬಿ. ಪಕ್ಕದಲ್ಲಿ ಕೈಬರಹದ ಫಲಕ: ಹಾಡಿನ ಹೆಸರಿನ ಕೆಳಗೆ ಅದು ಯಾರಿಗಾಗಿ ಎಂದೂ ಬರೆಯಬೇಕು. ಆ ಸಾಲಿಲ್ಲದ ಚೀಟಿಗಳ ಸರದಿ ಕೊನೆಗೆ. "ಯಾಕಪ್ಪಾ ಈ ಕಟ್ಟಳೆ?" ಎಂದು ಕೇಳಿದೆ. "ಇಲ್ಲಾಂದ್ರೆ ಎಲ್ರೂ ಮರಾಯಾ ಕ್ಯಾರೀನೇ ಕೇಳ್ತಾರೆ ಅಂಕಲ್" ಎಂದು ನಕ್ಕ. ಆಕೆಯ 1994ರ ಕ್ರಿಸ್ಮಸ್ ಹಾಡನ್ನು ಡಿಸೆಂಬರ್ 1ಕ್ಕೆ ಮೊದಲು ಹಾಕುವಂತಿಲ್ಲ, ಆಮೇಲೂ ರಾತ್ರಿಗೆ ಒಂದೇ ಸಲ ಎಂದು 2019ರಲ್ಲಿ ಡಲ್ಲಾಸಿನ ಒಂದು ಬಾರು ಬೋರ್ಡು ಹಾಕಿತ್ತಂತೆ. ಅತಿಯಾದರೆ ಅಮೃತವೂ ವಿಷ ತಾನೇ!

ಡಿಜೆಯ ಕೆಲಸ ಹತ್ತಿರದಿಂದ ನೋಡಿದ್ದು ಅದೇ ಮೊದಲು. ಒಂದು ಕಿವಿಗೆ ಹೆಡ್‌ಫೋನ್, ಇನ್ನೊಂದು ಕಿವಿ ಜನರ ಕಡೆಗೆ. ಹೊರಗೆ ಒಂದು ಹಾಡು ನಡೆಯುತ್ತಿರುವಾಗಲೇ ಒಳಕಿವಿಯಲ್ಲಿ ಮುಂದಿನದು ಸಿದ್ಧವಾಗುತ್ತಿರುತ್ತದೆ. ಹಾಡಿನ ಓಟವನ್ನು ನಿಮಿಷಕ್ಕೆ ಎಷ್ಟು ತಾಳ ಎಂದು ಎಣಿಸುತ್ತಾರೆ. ಮರಾಯಾ ಕ್ಯಾರಿಯದು ಸುಮಾರು 150, ‘ಲಾಸ್ಟ್ ಕ್ರಿಸ್ಮಸ್’ 108ರ ಆಸುಪಾಸು. ಒಂದರ ಬೆನ್ನಿಗೆ ಇನ್ನೊಂದನ್ನು ಹಚ್ಚಿದರೆ ಕುಣಿಯುವವರ ಕಾಲು ತೊಡರುತ್ತದೆ. ಆದ್ದರಿಂದ ಒಂದು ಕೋರಿಕೆಯಿಂದ ಇನ್ನೊಂದಕ್ಕೆ ಹೋಗಲು ನಡುವೆ ಎರಡು ಮೂರು ಹಾಡುಗಳ ದಾರಿ ಕಟ್ಟಬೇಕು.

ಆ ವರ್ಷದ ಡಿಸೆಂಬರ್ ಹಾಡುಗಳಿಗೆ ವಿಶೇಷವಾಗಿತ್ತು. 1958ರಲ್ಲಿ, ಹದಿಮೂರರ ಬಾಲಕಿಯಾಗಿದ್ದಾಗ ಬ್ರೆಂಡಾ ಲೀ ಹಾಡಿದ್ದ ಕ್ರಿಸ್ಮಸ್ ಗೀತೆ 65 ವರ್ಷಗಳ ನಂತರ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯ ಮೊದಲ ಸ್ಥಾನಕ್ಕೆ ಬಂದಿತ್ತು. ಅತ್ತ ಬ್ರಿಟನ್ನಿನಲ್ಲಿ 1984ರ ‘ಲಾಸ್ಟ್ ಕ್ರಿಸ್ಮಸ್’ ಮೊದಲ ಬಾರಿಗೆ ಕ್ರಿಸ್ಮಸ್ ವಾರದ ಅಗ್ರಗೀತೆಯಾದ ಸುದ್ದಿ ಹಿಂದಿನ ದಿನವಷ್ಟೇ ಬಂದಿತ್ತು. ಅದನ್ನು ಹಾಡಿದ ಜಾರ್ಜ್ ಮೈಕೆಲ್ ತೀರಿಕೊಂಡದ್ದು 2016ರ ಕ್ರಿಸ್ಮಸ್ ದಿನವೇ.

ಮೊದಲ ಚೀಟಿಗಳಲ್ಲೊಂದು ಸಾಂಟಾ ಟೋಪಿ ಹಾಕಿದ್ದ ಒಬ್ಬ ಅಜ್ಜಿಯದು: ‘ವೈಟ್ ಕ್ರಿಸ್ಮಸ್’, ಯುದ್ಧಕ್ಕೆ ಹೋಗಿದ್ದ ಅಣ್ಣನಿಗಾಗಿ. ಹಿಮದ ಹಬ್ಬದ ಈ ಹಾಡನ್ನು ಬರೆದ ಇರ್ವಿಂಗ್ ಬರ್ಲಿನ್ ಐದು ವರ್ಷದವನಿದ್ದಾಗ ರಷ್ಯಾದಿಂದ ವಲಸೆ ಬಂದ ಯೆಹೂದಿ. ಈಗ ಸಾಮಾನ್ಯವಾಗಿ ಬಿಟ್ಟುಬಿಡುವ ಅದರ ಪೀಠಿಕೆಯಲ್ಲಿ ಹಾಡುವವನು ಇರುವುದು ನಮ್ಮ ಕ್ಯಾಲಿಫೋರ್ನಿಯಾದ ಬಿಸಿಲಿನಲ್ಲಿ, ತಾಳೆಮರಗಳ ನಡುವೆ! 1942ರಲ್ಲಿ ಬಿಂಗ್ ಕ್ರಾಸ್ಬಿ ಹಾಡಿದ್ದು ಬಂದಾಗ, ದೂರದ ರಣರಂಗಗಳಲ್ಲಿದ್ದ ಸೈನಿಕರಿಂದ ಸೇನೆಯ ರೇಡಿಯೋಗೆ ಕೋರಿಕೆಗಳ ಮಳೆಯೇ ಸುರಿಯಿತು. ವಿವಿಧ ಭಾರತಿಯಲ್ಲಿ ನಮ್ಮ ಜವಾನರಿಗಾಗಿ ಬರುತ್ತಿದ್ದ ‘ಜಯಮಾಲಾ’ ಕೇಳಿ ಬೆಳೆದವರಿಗೆ ಇದು ಥಟ್ಟನೆ ಅರ್ಥವಾಗುತ್ತದೆ.

ಹನ್ನೊಂದರ ಹೊತ್ತಿಗೆ ‘ಫೆಲಿಸ್ ನವಿದಾದ್’ ಬಂತು. ಪೋರ್ಟೊರಿಕೋ ಮೂಲದ ಅಂಧ ಗಾಯಕ ಹೊಸೆ ಫೆಲಿಸಿಯಾನೋ 1970ರಲ್ಲಿ ಹಾಡಿದ್ದು. ಅಡುಗೆಮನೆಯಿಂದ ಬಾಣಸಿಗರೂ ಏಪ್ರನ್ ಸಮೇತ ಹೊರಬಂದು ದನಿಗೂಡಿಸಿದರು. ಆಮೇಲೆ ಐರಿಷ್ ಹೆಂಗಸೊಬ್ಬಳ ಚೀಟಿ. ‘ಫೇರಿಟೇಲ್ ಆಫ್ ನ್ಯೂಯಾರ್ಕ್’ ಹಾಡಿದ ಶೇನ್ ಮೆಗವನ್ ಆ ನವೆಂಬರ್ 30ರಂದು ತೀರಿಕೊಂಡಿದ್ದ. ಅವನು ಹುಟ್ಟಿದ್ದೂ ಒಂದು ಕ್ರಿಸ್ಮಸ್ ದಿನವೇ, 1957ರಲ್ಲಿ. ಕನಸು ಹೊತ್ತು ನ್ಯೂಯಾರ್ಕಿಗೆ ಬಂದು ಸೋತ ಐರಿಷ್ ಜೋಡಿಯೊಂದರ ಹಾಡು ಅದು. ಕುಣಿತ ನಿಂತು, ಜನ ಹೆಗಲ ಮೇಲೆ ಕೈಹಾಕಿಕೊಂಡು ತೂಗಾಡತೊಡಗಿದರು.

ಆಗ ಹುಡುಗ ನನ್ನನ್ನು ಕರೆದು ಒಂದು ಕಾಗದದ ನ್ಯಾಪ್ಕಿನ್ ತೋರಿಸಿದ. ಅದರ ಮೇಲೆ ಕನ್ನಡ ಅಕ್ಷರ! ‘ಮುಂಗಾರು ಮಳೆ’ಯಲ್ಲಿ ಜಯಂತ ಕಾಯ್ಕಿಣಿ ಬರೆದು ಸೋನು ನಿಗಮ್ ಹಾಡಿದ ಹಾಡು. ಕೆಳಗೆ "ಅಪ್ಪನಿಗೆ, ಸಾಗರ" ಎಂದಿತ್ತು. "ನನಗೆ ಓದೋಕೆ ನಿಧಾನ, ಇದೇನಾ ಅಂಕಲ್?" ಎಂದ. ಹೌದೆಂದೆ.

ಬರೆದವನು ಬಾಗಿಲ ಬಳಿ ಒಬ್ಬನೇ ಕುಳಿತಿದ್ದ. ಇಪ್ಪತ್ತಾರರ ತರುಣ. ಮಾತನಾಡಿಸಿದೆವು. ಕಂಪನಿ ನವೆಂಬರಿನಲ್ಲಿ ಕೆಲಸದಿಂದ ತೆಗೆದಿತ್ತು. ಎಚ್-1ಬಿ ವೀಸಾದವರಿಗೆ ಕೆಲಸ ಹೋದರೆ ಹೆಚ್ಚೆಂದರೆ 60 ದಿನದ ಗಡುವು ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತು. ಅವನಿಗೆ ಇಪ್ಪತ್ನಾಲ್ಕು ದಿನ ಉಳಿದಿತ್ತು. ರಜೆಗೆಂದು ಊರಿಗೆ ಹೋದರೆ ತಿರುಗಿ ಬರುವಂತಿಲ್ಲ. ರೂಮಿನ ಗೆಳೆಯರೆಲ್ಲ ಊರಿಗೆ ಹೋಗಿದ್ದಾರೆ. "ಪಿಕ್ಚರ್ ಬಂದಾಗ ನಂಗೆ ಒಂಬತ್ತು ವರ್ಷ. ಅಪ್ಪ ಕರ್ಕೊಂಡು ಹೋಗಿದ್ರು" ಎಂದ. ಆ ಚಿತ್ರ ಬಿಡುಗಡೆಯಾದದ್ದು 2006ರ ಡಿಸೆಂಬರ್ 29ರಂದು, ಇಂಥದೇ ರಜೆಯ ವಾರದಲ್ಲಿ. ಸಂಗೀತ ಕೊಟ್ಟ ಮನೋಮೂರ್ತಿ ಅಮೆರಿಕದಲ್ಲಿ ನೆಲೆಸಿದ ಕನ್ನಡಿಗರೇ. "ಕೆಲಸದ ವಿಷಯ ಅಪ್ಪನಿಗೆ ಹೇಳಿದ್ದೀಯೇನಪ್ಪಾ?" ಎಂದು ನಮ್ಮಾಕೆ ಕೇಳಿದಳು. ಅವನು ತಲೆಯಾಡಿಸಿದ. ಹೇಳಿರಲಿಲ್ಲ.

ಕನ್ನಡದ ನಿಧಾನ ಹಾಡು ಹಾಕಿದರೆ ಜನ ಎದ್ದು ಹೋಗುವರೇನೋ ಎಂಬ ಅಳುಕು ನನಗಿತ್ತು. ಹುಡುಗನಿಗಿರಲಿಲ್ಲ. ಐರಿಷ್ ಹಾಡು ಎಲ್ಲರನ್ನೂ ಮೆತ್ತಗಾಗಿಸಿದ ಆ ಗಳಿಗೆಯನ್ನೇ ಅವನು ಕಾದಿದ್ದ. ಮೈಕು ಹಿಡಿದು, ಈ ಹಾಡು ಕರ್ನಾಟಕದ ಸಾಗರದಲ್ಲಿರುವ ಒಬ್ಬ ತಂದೆಗಾಗಿ ಎಂದು ಇಂಗ್ಲಿಷಿನಲ್ಲಿ ಹೇಳಿದ. ಹಾಡು ಶುರುವಾಯಿತು. ಒಬ್ಬರೂ ಏಳಲಿಲ್ಲ. ಪಕ್ಕದಲ್ಲಿದ್ದ, ರಾತ್ರಿಪಾಳಿ ಮುಗಿಸಿ ಬಂದಿದ್ದ ನರ್ಸ್ ಒಬ್ಬಳು "ಏನು ಇದರ ಅರ್ಥ?" ಎಂದಳು. "ಪ್ರೀತಿ, ಮತ್ತೇನು?" ಎಂದೆ. ಆಕೆ ಗ್ಲಾಸು ಎತ್ತಿ ತರುಣನ ಕಡೆ ತೋರಿಸಿದಳು. ಅವನು ಫೋನನ್ನು ಸ್ಪೀಕರಿನ ಕಡೆ ಎತ್ತಿ ಹಿಡಿದಿದ್ದ. ಇಲ್ಲಿ ರಾತ್ರಿ ಹನ್ನೆರಡೂವರೆ, ಸಾಗರದಲ್ಲಿ ಭಾನುವಾರದ ಮಧ್ಯಾಹ್ನ ಎರಡು ಗಂಟೆ.

ಹಾಡು ಮುಗಿದ ಮೇಲೆ ಅವನು ಫೋನ್ ಹಿಡಿದು ಹೊರಗೆ ಹೋದ. ಇಪ್ಪತ್ತು ನಿಮಿಷದ ನಂತರ ಬಂದು "ಹೇಳಿಬಿಟ್ಟೆ ಆಂಟಿ" ಎಂದ. "ಏನಂದ್ರು?" "ಸ್ವಲ್ಪ ಹೊತ್ತು ಏನೂ ಮಾತಾಡ್ಲಿಲ್ಲ. ಆಮೇಲೆ ಊಟ ಆಯ್ತಾ ಅಂದ್ರು." ಅವನಿಗೆ ಇಲ್ಲಿ ಮತ್ತೆ ಕೆಲಸ ಸಿಗಲಿಲ್ಲ. ಗಡುವು ಮುಗಿಯುವ ಮೊದಲೇ, 2024ರ ಜನವರಿಯಲ್ಲಿ ಬೆಂಗಳೂರಿಗೆ ಮರಳಿದ. ಈಗ ಅಲ್ಲಿ ಕೆಲಸದಲ್ಲಿದ್ದಾನೆ. ದೀಪಾವಳಿಗೆ ತಪ್ಪದೆ ಸಂದೇಶ ಕಳಿಸುತ್ತಾನೆ.

1935ರಲ್ಲಿ ಮೈಸೂರಿನಲ್ಲಿ ಡಾ. ಎಂ. ವಿ. ಗೋಪಾಲಸ್ವಾಮಿಯವರು ‘ಆಕಾಶವಾಣಿ’ ಆರಂಭಿಸಿದ ನಾಡು ನಮ್ಮದು. ಅಂಚೆ ಕಾರ್ಡಿನಲ್ಲಿ ಕೋರಿಕೆ ಬರೆದು, ಉದ್ಘೋಷಕರು ನಮ್ಮೂರಿನ ಹೆಸರು ಓದುವುದನ್ನೇ ಕಾದು ಕುಳಿತವರು ನಾವು. ಹಾಡು ಮನೆಯಲ್ಲೂ ಸಿಗುತ್ತಿತ್ತು. ಹೆಸರು ಹೇಳಿಸಿಕೊಳ್ಳುವ ಸುಖ ಬೇರೆ. ಈಗ ಫೋನಿನಲ್ಲಿ ಬೇಕೆಂದ ಹಾಡು ಬೇಕೆಂದಾಗ ಬರುತ್ತದೆ. ಆದರೆ 1889ರ ಆ ಕೊಳವೆಯ ಹಾಗೆ, ಒಬ್ಬೊಬ್ಬರ ಕಿವಿಗೆ ಮಾತ್ರ. ಕೋರಿಕೆಯೆಂದರೆ ಹಾಡು ಕೇಳುವುದಷ್ಟೇ ಅಲ್ಲ, ನನ್ನವರೊಬ್ಬರು ಅಲ್ಲಿದ್ದಾರೆ ಎಂದು ನಾಲ್ಕು ಜನರ ಮುಂದೆ ಹೇಳುವುದು.

ನಮ್ಮ ಸಂಘದ ಕಾರ್ಯಕ್ರಮಗಳಲ್ಲಿ ನಿಮಿಷ ನಿಮಿಷದ ಪಟ್ಟಿಯನ್ನು ಸಮಿತಿಯೇ ಮಾಡುತ್ತದೆ, ಮಾಡಲೇಬೇಕು. ಅದರಲ್ಲಿ ಅರ್ಧ ಗಂಟೆಯನ್ನು ಕೋರಿಕೆಗೆ ಬಿಡೋಣವೇ? ಬಾಗಿಲಲ್ಲಿ ಒಂದು ಡಬ್ಬಿ, ಚೀಟಿಯಲ್ಲಿ ಎರಡು ಸಾಲು: ಯಾವ ಹಾಡು, ಯಾರಿಗಾಗಿ. ಹಾಡಲು ನಮ್ಮ ಕಲಾವಿದರಿದ್ದಾರೆ, ಮೈಕು ನೋಡಿಕೊಳ್ಳಲು ಆ ಹುಡುಗನಿದ್ದಾನೆ. ಈ ಡಿಸೆಂಬರಿನಲ್ಲಿ ನಿಮ್ಮ ಕಟ್ಟಡದಲ್ಲೋ ಆಫೀಸಿನಲ್ಲೋ ಊರಿಗೆ ಹೋಗಲಾಗದೆ ಒಂಟಿಯಾಗಿ ಉಳಿದ ಮಕ್ಕಳಿದ್ದರೆ ಅವರನ್ನೂ ಕರೆತನ್ನಿ. ಮೊದಲ ಚೀಟಿ ಅವರದಾಗಲಿ.