ಹೂವಿನ ಕಣಿವೆಯಲ್ಲಿ ಒಡ್ಡು ಕಟ್ಟುವವರು

ಸ್ಪೇನ್ ದೇಶದ ಪಶ್ಚಿಮಕ್ಕೆ, ಪೋರ್ಚುಗಲ್ಲಿನ ಗಡಿಗೆ ಹೊಂದಿಕೊಂಡು ಎಕ್ಸ್ತ್ರೆಮದೂರಾ ಎಂಬ ಪ್ರಾಂತವಿದೆ. ನಮ್ಮ ಕಡೆಯಿಂದ ಹೋಗುವ ಪ್ರವಾಸಿಗರು ಮ್ಯಾಡ್ರಿಡ್, ಬಾರ್ಸಿಲೋನಾಗಳನ್ನು ನೋಡಿಕೊಂಡು ಹಿಂತಿರುಗುವರೇ ಹೊರತು ಇತ್ತ ಬರುವವರು ವಿರಳ. ಆ ಪ್ರಾಂತದ ಉತ್ತರದ ಅಂಚಿನಲ್ಲಿ ಹೆರ್ತೆ ಎಂಬ ಸಣ್ಣ ನದಿಯೊಂದು ಹರಿಯುತ್ತದೆ. ಅದರ ಕಣಿವೆಯಲ್ಲಿ ಹನ್ನೊಂದು ಹಳ್ಳಿಗಳು. ಬೆಟ್ಟದ ಎರಡೂ ಮಗ್ಗುಲಿಗೆ ಲಕ್ಷಾಂತರ ಚೆರ್ರಿ ಮರಗಳು. 2023ರಲ್ಲಿ ಮ್ಯಾಡ್ರಿಡ್‌ನಲ್ಲಿ ಉದ್ಯೋಗದಲ್ಲಿರುವ ಮಗನ ಮನೆಯಲ್ಲಿ ಮೂರು ತಿಂಗಳು ಇರುವ ಸಂದರ್ಭ ಒದಗಿದಾಗ, ನಾನೂ ನನ್ನ ಪತ್ನಿಯೂ ಈ ಕಣಿವೆಗೆ ಎರಡು ಸಲ ಹೋಗಿಬಂದೆವು. ಮಾರ್ಚ್ ತಿಂಗಳ ಕೊನೆಗೆ ಹೂವಿನ ಕಾಲದಲ್ಲೊಮ್ಮೆ, ಜೂನ್ ನಡುವೆ ಹಣ್ಣಿನ ಕಾಲದಲ್ಲೊಮ್ಮೆ. ಮೊದಲ ಸಲ ಹೋದದ್ದು ನೋಟಕ್ಕಾಗಿ. ಎರಡನೆಯ ಸಲ ಹೋದದ್ದು ನಮ್ಮನ್ನು ಉಳಿಸಿಕೊಂಡಿದ್ದ ಮನೆಯವರನ್ನು ಕಾಣುವುದಕ್ಕಾಗಿ.

ಮ್ಯಾಡ್ರಿಡ್‌ನಿಂದ ಆವಿಲಾ ಮಾರ್ಗವಾಗಿ ಮೋಟಾರಿನಲ್ಲಿ ಹೊರಟರೆ ಬಹುದೂರ ಬೋಳು ಪ್ರಸ್ಥಭೂಮಿ, ಮೇಯುವ ದನಗಳು, ಚಳಿಗಾಳಿ. ಆಮೇಲೆ ತೊರ್ನವಾಕಾಸ್ ಘಟ್ಟ ಬರುತ್ತದೆ. ಸಮುದ್ರಮಟ್ಟದಿಂದ 1,275 ಮೀಟರು ಎತ್ತರದ ಆ ಘಟ್ಟದ ತಲೆಯ ಮೇಲೆ ನಿಂತು ಕೆಳಗೆ ನೋಡಿದರೆ ಕಣಿವೆಯು ಯಾರೋ ಗೆರೆ ಹಾಕಿ ಕೊರೆದಂತೆ ನೈಋತ್ಯಕ್ಕೆ ನೆಟ್ಟಗೆ ಸಾಗಿರುವುದು ಕಾಣಿಸುತ್ತದೆ. ನದಿಗಳು ಸಾಮಾನ್ಯವಾಗಿ ಹೀಗೆ ನೇರವಾಗಿ ಹರಿಯುವುದಿಲ್ಲ. ಪೋರ್ಚುಗಲ್ಲಿನ ಅಲೆಂತೇಜು ಸೀಮೆಯಿಂದ ನೂರಾರು ಕಿಲೋಮೀಟರು ಉದ್ದಕ್ಕೆ ಭೂಮಿಯ ಕಲ್ಲುಪದರವು ಸೀಳಿದ್ದು, ಆ ಬಿರುಕಿನ ಜಾಡನ್ನೇ ನದಿಯು ಹಿಡಿದಿದೆಯೆಂದು ಭೂವಿಜ್ಞಾನಿಗಳು ಹೇಳುತ್ತಾರೆ. ಕೆಳತುದಿಯಲ್ಲಿ ಪ್ಲಾಸೆನ್ಸಿಯಾ ಎಂಬ ಪಟ್ಟಣವಿದೆ. ಅರಸ ಎಂಟನೆಯ ಅಲ್ಫೊನ್ಸೊ 1186ರಲ್ಲಿ ಸ್ಥಾಪಿಸಿದ ಊರು. ಅಲ್ಲಿ ಹಳೆಯ ಮತ್ತು ಹೊಸ ಕೆಥೆಡ್ರಲ್‌ಗಳು ಒಂದಕ್ಕೊಂದು ಬೆನ್ನು ತಾಗಿಸಿಕೊಂಡು ನಿಂತಿವೆ. ಮಂಗಳವಾರದ ಸಂತೆ ನೋಡತಕ್ಕದ್ದು. ಉಳಿದಂತೆ ನಮಗೆ ಪಟ್ಟಣದಲ್ಲಿ ಹೆಚ್ಚು ಹೊತ್ತು ಕಳೆಯುವ ಮನಸ್ಸಾಗಲಿಲ್ಲ.

ಹೂವು ಒಂದೇ ದಿನ ಎಲ್ಲೆಡೆ ಅರಳುವುದಿಲ್ಲ. ನದಿಯ ಬದಿಯ ಬೆಚ್ಚನೆಯ ನೆಲದಲ್ಲಿ ಮೊದಲು ಬಿರಿದು, ದಿನದಿನಕ್ಕೂ ಮೇಲೇರುತ್ತ, ಹೆಚ್ಚೆಂದರೆ ಎರಡು ವಾರಗಳಲ್ಲಿ ಬೆಟ್ಟದ ನೆತ್ತಿಯ ತೋಟಗಳನ್ನು ಮುಟ್ಟುತ್ತದೆ. ಆ ಹೊತ್ತಿಗೆ ಕೆಳಗಿನದು ಉದುರಿ ಎಲೆ ಚಿಗುರಿರುತ್ತದೆ. ಚಳಿಗಾಲದಲ್ಲಿ ಸಾಕಷ್ಟು ಚಳಿ ಬೀಳದಿದ್ದರೆ ಮರವು ಸರಿಯಾಗಿ ಎಚ್ಚರಗೊಳ್ಳುವುದಿಲ್ಲವಾದ್ದರಿಂದ ಯಾವ ದಿನ ಅರಳುವುದೆಂದು ಮೊದಲೇ ಹೇಳಲಾಗದು. ಈ ಎರಡು ವಾರಗಳ ಸಲುವಾಗಿ ಜನ ಸಾವಿರಗಟ್ಟಲೆ ಬರುತ್ತಾರೆ. ರಸ್ತೆಯ ಬದಿಗೆ ಬಸ್ಸುಗಳ ಸಾಲು, ಒಡ್ಡಿನ ಮೇಲೇರಿ ಭಾವಚಿತ್ರ ತೆಗೆಸಿಕೊಳ್ಳುವವರ ಗದ್ದಲ. ಹೂವಿನ ಟೊಂಗೆಯನ್ನು ಮುರಿದು ಕಾರಿನ ಕಿಟಕಿಗೆ ಸಿಕ್ಕಿಸಿಕೊಂಡು ಹೋಗುತ್ತಿದ್ದ ಒಂದು ಸಂಸಾರವನ್ನು ಕಂಡು ನನ್ನ ಪತ್ನಿ, "ಅಷ್ಟೂ ಹಣ್ಣು ಹೋತಲ್ಲರಿ" ಎಂದು ಮರುಗಿದಳು. ರೈತರ ಮನೆಯಲ್ಲಿ ಹುಟ್ಟಿದವಳಿಗೆ ಹೂವಿನ ಹಿಂದೆ ಹಣ್ಣು ಕಾಣದೆ ಇರುವುದಿಲ್ಲ.

ಈ ಕಣಿವೆ ಮೊದಲಿನಿಂದಲೂ ಚೆರ್ರಿಯದಾಗಿರಲಿಲ್ಲ. ಹಿಂದೆ ಇಲ್ಲಿ ಚೆಸ್ಟ್‌ನಟ್ ಮರಗಳ ಕಾಡಿತ್ತು. ಅದರ ಕಾಯಿಯೇ ಬಡವರ ಆಹಾರ, ಅದರ ಮರವೇ ಮನೆಯ ತೊಲೆ. ಬೇರು ಕೊಳೆಸುವ ರೋಗವೊಂದು ತಗುಲಿ ಮರಗಳು ಸಾಯತೊಡಗಿದ ಮೇಲೆ ಜನರು ಚೆರ್ರಿಯತ್ತ ಹೊರಳಿದರು. ಕಬೆಸ್ವೇಲಾ ಎಂಬ ಹಳ್ಳಿಯ ಹಳೆಯ ಬೀದಿಗಳಲ್ಲಿ, ಮರದ ಚೌಕಟ್ಟಿನ ನಡುವೆ ಮಣ್ಣು ತುಂಬಿ ಕಟ್ಟಿದ ಮನೆಗಳಲ್ಲಿ, ಆ ಚೆಸ್ಟ್‌ನಟ್ ತೊಲೆಗಳು ಇಂದಿಗೂ ಇವೆ. ಬೆಟ್ಟವೋ ಕಡಿದಾದುದು. ಅದರಲ್ಲಿ ಮರ ನೆಡಬೇಕಾದರೆ ಮೊದಲು ಒಡ್ಡು ಹಾಕಬೇಕು. ಗಾರೆಯಿಲ್ಲದೆ, ಕಲ್ಲಿನ ಮೇಲೆ ಕಲ್ಲು ಕೂಡಿಸಿ, ಆಳೆತ್ತರದ ಗೋಡೆಗಳನ್ನೆಬ್ಬಿಸಿ, ಅವುಗಳ ಹಿಂದೆ ಮಣ್ಣು ತುಂಬಿ, ಬೆಟ್ಟವನ್ನೆಲ್ಲ ಪಾವಟಿಗೆಗಳನ್ನಾಗಿ ಮಾಡಿದ್ದಾರೆ. ಯಂತ್ರ ಅಲ್ಲಿಗೆ ಏರಲಾರದು. ಗೊಬ್ಬರ ಹೊರುವುದು, ಸವರುವುದು, ಹಣ್ಣು ಬಿಡಿಸುವುದು, ಎಲ್ಲವೂ ಕೈಯಿಂದಲೇ.

ನಾವು ಉಳಿದದ್ದು ಅಂಥ ತೋಟವೊಂದರ ಮನೆಯಲ್ಲಿ. ಗಂಡಹೆಂಡಿರಿಬ್ಬರೂ ಎಪ್ಪತ್ತರ ಸಮೀಪದವರು. ಮೇಲಂತಸ್ತಿನ ಎರಡು ಕೋಣೆಗಳನ್ನು ಪ್ರವಾಸಿಗರಿಗೆ ಬಾಡಿಗೆಗೆ ಕೊಡುತ್ತಾರೆ. ಆ ಸೀಮೆಯ ಅಡುಗೆಯಲ್ಲಿ ಹಂದಿಮಾಂಸ ಬೀಳದ ಪದಾರ್ಥ ಅಪರೂಪ. ನಮ್ಮ ಸೊಸೆ ಮೊದಲೇ ತಿಳಿಸಿದ್ದುದರಿಂದ ಆ ತಾಯಿ ನಮಗಾಗಿ ಬೇರೆ ಪಾತ್ರೆಯಲ್ಲಿ ಆಲೂಗಡ್ಡೆ ಬೇಯಿಸಿ, ಆಲಿವ್ ಎಣ್ಣೆಯಲ್ಲಿ ಬೆಳ್ಳುಳ್ಳಿ ಹುರಿದು, ಪಕ್ಕದ ವೇರಾ ಸೀಮೆಯ ಕೆಂಪು ಮೆಣಸಿನಪುಡಿ ಕಲಸಿ ಬಡಿಸಿದಳು. ಅಲ್ಲಿ ಮೆಣಸಿನಕಾಯಿಯನ್ನು ಓಕ್ ಕಟ್ಟಿಗೆಯ ಹೊಗೆಯಲ್ಲಿ ಒಣಗಿಸುತ್ತಾರೆ. ಬಣ್ಣ ನಮ್ಮ ಬ್ಯಾಡಗಿಯದು, ಖಾರ ಅದಕ್ಕಿಂತ ಕಡಿಮೆ, ವಾಸನೆ ಮಾತ್ರ ಒಲೆಯ ಮುಂದೆ ಕುಳಿತಂತೆ. ನನ್ನ ಪತ್ನಿ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದಳು. ಮನೆಯೊಡೆಯ ರೊಟ್ಟಿಯನ್ನು ಮುರಿದು ಆ ಸದ್ದನ್ನು ಕೇಳಿ ನಕ್ಕವನು, ಮೂರು ರೊಟ್ಟಿ ಮುಗಿಸಿದ.

ಮರುದಿನ ಅವನೇ ನಮ್ಮನ್ನು ಕಮರಿಗೆ ಕಳುಹಿಸಿದ. ಅದರ ಹೆಸರು 'ನರಕಗಳ ಕಮರಿ'; 1994ರಿಂದ ಸರಕಾರವು ಅದನ್ನು ಸಂರಕ್ಷಿತ ನಿಸರ್ಗಧಾಮವೆಂದು ಘೋಷಿಸಿದೆ. ಹೆಸರಿಗೂ ನೋಟಕ್ಕೂ ಏನೇನೂ ಸಂಬಂಧವಿಲ್ಲ. ಹೆರ್ತೆ ಹಳ್ಳಿಯ ಬಳಿಯಿಂದ ಓಕ್ ಮರಗಳ ನಡುವೆ ಸುಮಾರು ಮೂರು ಕಿಲೋಮೀಟರು ನಡೆದರೆ ಪಿಲೋನೆಸ್ ಎಂಬ ತಾಣ. ಹಿಮ ಕರಗಿದ ನೀರು ಗ್ರಾನೈಟ್ ಬಂಡೆಯ ಮೇಲೆ ಹರಿಯುತ್ತ, ಒಂದರ ಕೆಳಗೊಂದರಂತೆ ದುಂಡನೆಯ ಹೊಂಡಗಳನ್ನು ಕೊರೆದಿದೆ. ನೀರಿನ ಸುಳಿಗೆ ಸಿಕ್ಕ ಗುಂಡುಕಲ್ಲು ತಿರುತಿರುಗಿ ಬಂಡೆಯನ್ನು ಸವೆಸುತ್ತದೆ. ಕಾಲಾಂತರದಲ್ಲಿ ತಾನೂ ಸವೆದುಹೋಗುತ್ತದೆ. ಮತ್ತೊಂದು ಕಲ್ಲು ಬಂದು ಆ ಕೆಲಸವನ್ನು ಮುಂದುವರಿಸುತ್ತದೆ. ನಮ್ಮ ಒರಳನ್ನು ಕಂಡವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಬೇಸಿಗೆಯಲ್ಲಿ ಹುಡುಗರು ಅಲ್ಲಿ ಈಜುತ್ತಾರಂತೆ. ಮಾರ್ಚಿನ ನೀರಿಗೆ ನಾನು ಕಾಲಿಟ್ಟು, ಆ ಕ್ಷಣವೇ ತೆಗೆದೆ.

ಆ ಕಮರಿಯನ್ನು ದಾಟಿ ಹೋಗುವ ದಾರಿಯೊಂದಕ್ಕೆ ಚಕ್ರವರ್ತಿಯ ಹೆಸರಿದೆ. ಯುರೋಪಿನ ಅರ್ಧವನ್ನೂ ಅಮೆರಿಕದ ವಿಶಾಲ ಭಾಗವನ್ನೂ ಆಳಿದ ಐದನೆಯ ಚಾರ್ಲ್ಸ್, ಸಿಂಹಾಸನವನ್ನು ಬಿಟ್ಟುಕೊಟ್ಟು, 1556ರ ನವೆಂಬರಿನಲ್ಲಿ ತೊರ್ನವಾಕಾಸ್‌ನಿಂದ ಹರಾಂದಿಯಾ ಎಂಬ ಊರಿಗೆ ಈ ಬೆಟ್ಟದ ಮೇಲಿಂದಲೇ ದಾಟಿದ. ಐವತ್ತಾರರ ವಯಸ್ಸು, ಗೌಟ್ ಎಂಬ ಕೀಲುಬೇನೆಯಿಂದ ನಡೆಯಲಾರ, ಪಲ್ಲಕ್ಕಿಯಲ್ಲಿ ಕೂಡಿಸಿ ಜನರು ಹೊತ್ತೊಯ್ದರು. ಇನ್ನು ಸಾವಿನ ಘಟ್ಟವೊಂದನ್ನು ಬಿಟ್ಟು ಬೇರೆ ಘಟ್ಟವನ್ನು ದಾಟಲಾರೆನೆಂದು ಅವನು ಅಲ್ಲಿ ಹೇಳಿದನೆಂಬುದು ಜನರ ಬಾಯಲ್ಲಿ ಉಳಿದಿರುವ ಮಾತು. ಯೂಸ್ತೆ ಮಠದ ಪಕ್ಕದಲ್ಲಿ ವಾಸವಾಗಿದ್ದು, 1558ರ ಸೆಪ್ಟೆಂಬರ್ 21ರಂದು ತೀರಿಕೊಂಡ. ಇಂದು ಆ ಇಪ್ಪತ್ತೆಂಟು ಕಿಲೋಮೀಟರು ದಾರಿಯನ್ನು ಕಾಲ್ನಡಿಗೆಯ ಉತ್ಸಾಹಿಗಳು ಒಂದೇ ದಿನದಲ್ಲಿ ಮುಗಿಸುತ್ತಾರೆ. ಪಲ್ಲಕ್ಕಿ ಹೊತ್ತವರ ಹೆಸರು ದಾರಿಯ ಫಲಕದಲ್ಲಿ ಇದೆಯೇ ಎಂದು ನಾನು ಹುಡುಕಿದೆ. ನನ್ನ ಕಣ್ಣಿಗೆ ಬೀಳಲಿಲ್ಲ.

ಎದುರು ಮಗ್ಗುಲಿನ ಎಲ್ ತೊರ್ನೊ ಹಳ್ಳಿಯ ಮೇಲೆ ಇನ್ನೊಂದು ನೋಟತಾಣವಿದೆ. ಅಲ್ಲಿ ಕಣಿವೆಯನ್ನೇ ನೋಡುತ್ತ ನಾಲ್ಕು ಬೆತ್ತಲೆ ಮಾನವಾಕೃತಿಗಳು ನಿಂತಿವೆ. ಸ್ಪೇನಿನ ಅಂತರ್ಯುದ್ಧದಲ್ಲಿಯೂ ಆಮೇಲಿನ ಸರ್ವಾಧಿಕಾರದಲ್ಲಿಯೂ ಮರೆವಿಗೆ ಸಂದವರ ನೆನಪಿಗಾಗಿ ಶಿಲ್ಪಿ ಫ್ರಾನ್ಸಿಸ್ಕೊ ಸೆದೆನಿಯಾ ಮಾಡಿದವು. 2009ರಲ್ಲಿ ಅಲ್ಲಿ ನಿಲ್ಲಿಸಲಾಯಿತು. ಕೆಲವೇ ದಿನಗಳಲ್ಲಿ ಯಾರೋ ಅವುಗಳಿಗೆ ಗುಂಡು ಹಾರಿಸಿದರು. ಶಿಲ್ಪಿಯು ಆ ತೂತುಗಳನ್ನು ಮುಚ್ಚಲಿಲ್ಲ. ಹೂವು ನೋಡಲು ಬಂದ ಜನ ಅಲ್ಲಿಗೆ ತಲುಪಿದ ಮೇಲೆ ಸ್ವಲ್ಪ ಮೆಲುದನಿಯಲ್ಲಿ ಮಾತನಾಡುತ್ತಿದ್ದರು. ನನ್ನ ಸೊಸೆ ಬೆರಳಿನಿಂದ ಒಂದು ತೂತನ್ನು ಮುಟ್ಟಿ ನೋಡಿ ಸುಮ್ಮನಾದಳು.

ಜೂನ್ ತಿಂಗಳಲ್ಲಿ ಮತ್ತೆ ಹೋದಾಗ ಬಸ್ಸುಗಳಿರಲಿಲ್ಲ. ಮಳೆಯಿತ್ತು. ಆ ವರ್ಷ ಮೇ ಕೊನೆಯಿಂದಲೇ ಹಿಡಿದ ಮಳೆ ಜೂನ್‌ನಲ್ಲಿಯೂ ಬಿಡಲಿಲ್ಲ. ಹಣ್ಣಾಗುತ್ತಿರುವ ಚೆರ್ರಿಗೆ ಮಳೆಯಂಥ ವೈರಿ ಬೇರೊಂದಿಲ್ಲ. ಸಿಪ್ಪೆಯ ಮೂಲಕವೇ ನೀರು ಹೀರಿಕೊಂಡು ಉಬ್ಬಿದ ಹಣ್ಣು ಬಿರಿದುಬಿಡುತ್ತದೆ. ಬಿರಿದ ಹಣ್ಣು ಎರಡು ದಿನಕ್ಕೆ ಕೊಳೆಯುತ್ತದೆ. ಈ ಕಣಿವೆಯ ಹೆಮ್ಮೆಯ ತಳಿ ಪಿಕೋತಾ. ಬಿಡಿಸುವಾಗ ತೊಟ್ಟು ಮರದಲ್ಲಿಯೇ ಉಳಿದು ಹಣ್ಣು ಮಾತ್ರ ಕೈಗೆ ಬರುವುದು ಅದರ ಲಕ್ಷಣ. ಮನೆಯೊಡೆಯ ನನ್ನನ್ನು ತೋಟಕ್ಕೆ ಕರೆದೊಯ್ದು, ಒಂದೊಂದು ಟೊಂಗೆಯನ್ನು ಬಗ್ಗಿಸಿ ತೋರಿಸಿದ. ಹತ್ತರಲ್ಲಿ ಏಳೆಂಟು ಬಿರಿದಿದ್ದವು. ಬಿಡಿಸುವ ಕೂಲಿಯೇ ಹುಟ್ಟದೆಂದು ಕೆಳಗಿನ ಮೂರು ಪಾವಟಿಗೆಗಳನ್ನು ಹಾಗೆಯೇ ಬಿಟ್ಟಿದ್ದ. ಭಾಷೆ ತಿಳಿಯದಿದ್ದರೂ ಆ ಮುಖ ನನಗೆ ಪರಿಚಿತವಾದುದು. ವಿಜಯಪುರದ ಕಡೆ ಒಣದ್ರಾಕ್ಷಿಯ ಶೆಡ್ಡಿನಲ್ಲಿ ಹಣ್ಣು ಹರವಿರುವಾಗ ಅಕಾಲ ಮಳೆ ಸುರಿದ ರಾತ್ರಿ, ನನ್ನ ತಂದೆಯ ಮುಖವೂ ಹೀಗೆಯೇ ಇರುತ್ತಿತ್ತು, ಆಮೇಲಾಮೇಲೆ ನನ್ನದೂ.

ಅವನು ಮಳೆಯ ಮಾತನ್ನು ಹೆಚ್ಚು ಆಡಲಿಲ್ಲ. ಕುಸಿದಿದ್ದ ಒಂದು ಒಡ್ಡಿನ ಬಳಿ ಕುಳಿತು ಕಲ್ಲುಗಳನ್ನು ಆರಿಸತೊಡಗಿದ. ಗೋಡೆ ಬಿದ್ದರೆ ಮಣ್ಣು ಹೊಳೆಗೆ ಹೋಗುತ್ತದೆ, ಮುಂದಿನ ವರ್ಷ ಮರ ನಿಲ್ಲುವುದೆಲ್ಲಿ, ಎಂದು ಸೊಸೆಯ ಮೂಲಕ ಹೇಳಿದ. ಮಕ್ಕಳೇನು ಮಾಡುತ್ತಾರೆಂದು ಕೇಳಿದೆ. ಒಬ್ಬಳೇ ಮಗಳು, ಮ್ಯಾಡ್ರಿಡ್‌ನಲ್ಲಿ ಬ್ಯಾಂಕಿನಲ್ಲಿದ್ದಾಳೆ, ಹೂವಿನ ಕಾಲಕ್ಕೆ ಗೆಳತಿಯರನ್ನು ಕರೆದುಕೊಂಡು ಬರುತ್ತಾಳೆ. ಅಷ್ಟು ಹೇಳಿ, ಕೈಯಲ್ಲಿದ್ದ ಕಲ್ಲನ್ನು ಹೊರಳಿಸಿ, ಅದರ ಮುಖ ನೋಡಿ, ಜಾಗಕ್ಕೆ ಕೂಡಿಸಿದ. ನಾನೂ ಹತ್ತು ಕಲ್ಲು ಎತ್ತಿಕೊಟ್ಟೆ. ಮೂರು ಸಲ ನಾನು ಕೊಟ್ಟ ಕಲ್ಲನ್ನು ಅವನು ಪಕ್ಕಕ್ಕಿಟ್ಟ. ನನ್ನ ಮಗ ಸ್ವಲ್ಪ ದೂರದಲ್ಲಿ ಕೊಡೆ ಹಿಡಿದು ನಿಂತು ನೋಡುತ್ತಿದ್ದ.

ಹಿಂತಿರುಗುವಾಗ ಘಟ್ಟ ಏರುತ್ತಿದ್ದಂತೆ ಅವನು, "ಅಪ್ಪಾ, ನಮ್ಮ ತ್ವಾಟದಾಗ ಈಗ ದ್ರಾಕ್ಷಿ ಎಷ್ಟು ಎಕರೆ ಐತ್ರಿ?" ಎಂದು ಕೇಳಿದ. ಆರು ಎಕರೆ ಎಂದೆ. ಊರು ಬಿಟ್ಟು ಹೋದ ಮೇಲೆ ಅವನು ಆ ಪ್ರಶ್ನೆ ಕೇಳಿದ್ದು ಅದೇ ಮೊದಲು. ಮುಂದೆ ಏನನ್ನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹಿಂದಿನ ಆಸನದಲ್ಲಿ ನನ್ನ ಪತ್ನಿ ನಿದ್ದೆ ಹೋದವಳಂತೆ ಕಣ್ಣು ಮುಚ್ಚಿದ್ದಳು.

2025ರ ಆಗಸ್ಟಿನಲ್ಲಿ ಸ್ಪೇನಿನ ಪಶ್ಚಿಮದ ಕಾಡುಗಳಿಗೆ ಬೆಂಕಿ ಬಿದ್ದಿತು. ಹರೀಯಾ ಎಂಬ ಊರಿನ ಬಳಿ ಎದ್ದ ಕಿಚ್ಚು ಬೆಟ್ಟವನ್ನೇರಿ ಹೆರ್ತೆ ಕಣಿವೆಯ ಮಗ್ಗುಲಿಗೂ ಬಂದಿತು. ಸುದ್ದಿ ಓದಿ ಮಗ ಅವರಿಗೆ ಸಂದೇಶ ಕಳುಹಿಸಿದ. ವಾರದ ಮೇಲೆ ಉತ್ತರ ಬಂದಿತು. ಅದನ್ನು ಅವನು ದೂರವಾಣಿಯಲ್ಲಿ ನಮಗೆ ಕನ್ನಡ ಮಾಡಿ ಓದಿದ. ಮನೆಗೆ ಏನೂ ಆಗಿಲ್ಲ. ಆರೈಕೆ ನಿಂತು ಹುಲ್ಲು ಬೆಳೆದಿದ್ದ ನೆರೆಯ ತೋಟ ಪೂರ್ತಿ ಉರಿದುಹೋಯಿತು. ತಮ್ಮದರಲ್ಲಿ ಮೇಲಿನ ಪಾವಟಿಗೆಯ ಹನ್ನೊಂದು ಮರಗಳಿಗೆ ಮಾತ್ರ ಬೆಂಕಿ ತಗುಲಿ ಅಲ್ಲಿಗೇ ನಿಂತಿತು. ಚಳಿಗಾಲಕ್ಕೆ ಹನ್ನೊಂದು ಸಸಿ ತರಿಸಿ ನೆಡುವುದಾಗಿ ಬರೆದಿದ್ದ. ಅವು ಫಲ ಕೊಡಲು ನಾಲ್ಕೈದು ವರ್ಷ ಬೇಕು. ಕೊನೆಗೆ ಆ ತಾಯಿ, ಶೇಂಗಾ ಚಟ್ನಿಗೆ ಬೆಳ್ಳುಳ್ಳಿ ಎಷ್ಟು ಎಂದು ಕೇಳಿದ್ದಳು.